ಬಂದ ಕಾರಣ

ಕಳೆದ ತಿಂಗಳು ಅಣ್ಣನ ಮಗಳ ಪಿಎಚ್.ಡಿ. ವೈವಾ ಇತ್ತೆಂದು ಮೈಸೂರಿಗೆ ಹೋಗಿದ್ದೆ. ಮಗ ಬೆಂಗಳೂರಿನಲ್ಲೇ ಕೂತು ಮೊಬೈಲಿನಲ್ಲಿ ರೂಮು ಗೊತ್ತುಮಾಡಿಕೊಟ್ಟಿದ್ದ. ರಿಂಗ್ ರಸ್ತೆಯ ಹತ್ತಿರ ಆರಂತಸ್ತಿನ ಹೊಸ ಹೋಟೆಲು. ಗಾಜಿನ ಬಾಗಿಲು ತಾನಾಗಿಯೇ ಸರಿದು ದಾರಿಬಿಟ್ಟಿತು. ಕೌಂಟರಿನಲ್ಲಿದ್ದ ಹುಡುಗಿ ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡು, ಪರದೆಯಿಂದ ಕಣ್ಣು ಕೀಳದೆ ಕೇಳಿದಳು: "ಬಿಸಿನೆಸ್ಸಾ ಸರ್, ಲೀಜರಾ?"

"ಯೂನಿವರ್ಸಿಟಿಗೆ ಬಂದೆನಮ್ಮ, ನಮ್ಮ ಹುಡುಗಿಯ ವೈವಾ ಇದೆ."

ಅವಳ ಪರದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. "ಲೀಜರ್ ಅಂತ ಹಾಕ್ತೀನಿ ಸರ್" ಎಂದು ಪ್ಲಾಸ್ಟಿಕ್ ಕಾರ್ಡೊಂದನ್ನು ಕೈಗಿಟ್ಟಳು. ಒಳ್ಳೆಯ ಹುಡುಗಿ, ತಪ್ಪು ಅವಳದಲ್ಲ. ರೂಮೂ ಚೆನ್ನಾಗಿಯೇ ಇತ್ತು. ಹಾಸಿಗೆ ಮೆತ್ತಗಿತ್ತು, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಆದರೆ ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ಊರು ಗಾಜಿನಾಚೆ ಸದ್ದಿಲ್ಲದೆ ಹೊಳೆಯುತ್ತಿತ್ತು. ಮೈಸೂರಾದರೂ ಸರಿ, ಕೊಯಮತ್ತೂರಾದರೂ ಸರಿ, ಆ ರೂಮಿಗೆ ಎಲ್ಲ ಊರೂ ಒಂದೇ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನೊಂದು ರಿಜಿಸ್ಟರು, ಅದರಲ್ಲಿದ್ದ ಇನ್ನೊಂದು ಕಾಲಮ್ಮು ಕಣ್ಣಿಗೆ ಕಟ್ಟುತ್ತಲೇ ಇತ್ತು.

ನಮ್ಮಪ್ಪ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. ಆಗ ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು. ಬೇಸಿಗೆ ಬಂತೆಂದರೆ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಅಪ್ಪ ಮೈಸೂರಿಗೆ ಹೊರಡುತ್ತಿದ್ದರು. ಎಲ್ಲರ ಬಾಯಲ್ಲೂ ಅದು 'ವ್ಯಾಲ್ಯುಯೇಷನ್'. ಹದಿನೈದು ದಿನ, ಕೆಲವೊಮ್ಮೆ ಇಪ್ಪತ್ತು ದಿನ. 1974ರಲ್ಲಿ, ನನಗೆ ಒಂಬತ್ತು ತುಂಬಿದ್ದಾಗ, ಮೊದಲ ಬಾರಿಗೆ ನನ್ನನ್ನೂ ಕರೆದುಕೊಂಡು ಹೋದರು. ಕಡೂರಿನಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ, ಕಲ್ಲಿದ್ದಲಿನ ಕಸ ಕಣ್ಣಿಗೆ ಬಿದ್ದು ಕೆಂಪಗಾದ ಕಣ್ಣಲ್ಲೇ ನಾನು ಮೈಸೂರನ್ನು ಮೊದಲು ನೋಡಿದ್ದು. ಸ್ಟೇಷನ್ನಿನ ಹೊರಗೆ ಸಾಲಾಗಿ ಟಾಂಗಾಗಳು. ಹೋಲ್ಡಾಲು ಹಿಂದೆ, ನಾನು ಮುಂದೆ ಗಾಡಿಯವನ ಪಕ್ಕ. ಹಸಿ ಹುಲ್ಲಿನ ವಾಸನೆ, ಕುದುರೆಯ ಬೆವರಿನ ವಾಸನೆ. ಆ ಎರಡು ಸೇರಿದ ವಾಸನೆಯೇ ಇವತ್ತಿಗೂ ನನ್ನ ಮೂಗಿಗೆ ಮೈಸೂರು.

ಅಪ್ಪ ಇಳಿದುಕೊಳ್ಳುತ್ತಿದ್ದದ್ದು ಧನ್ವಂತರಿ ರಸ್ತೆಯ ಹಿಂಬದಿಯ ಓಣಿಯೊಂದರಲ್ಲಿದ್ದ ಲಾಡ್ಜಿನಲ್ಲಿ. ಕೆಳಗೆ ಊಟ-ತಿಂಡಿಯ ಹೋಟೆಲು, ಮೇಲೆ ರೂಮುಗಳು. ಮದ್ರಾಸ್ ತಾರಸಿ, ಗಾರೆಯ ಗೋಡೆ, ನಡುವೆ ಮೇಲಿಂದ ಬೆಳಕು ಸುರಿಯುವ ತೊಟ್ಟಿ, ಸುತ್ತ ಮರದ ಕಟಕಟೆಯ ಜಗಲಿ. ಸಾವಿರಾರು ಬರಿಗಾಲು ತಿಕ್ಕಿ ಕನ್ನಡಿಯಾಗಿದ್ದ ರೆಡ್ ಆಕ್ಸೈಡ್ ನೆಲ, ಮೇ ತಿಂಗಳ ಮಧ್ಯಾಹ್ನದಲ್ಲೂ ತಣ್ಣಗೆ ಇರುತ್ತಿತ್ತು. ಊಟ ಮುಗಿದ ಮೇಲೆ ಚಾಪೆಯೂ ಬೇಡವೆಂದು ನಾನು ಅದರ ಮೇಲೇ ಮಲಗುತ್ತಿದ್ದೆ.

ಯಜಮಾನರು ಉಡುಪಿ ಕಡೆಯವರು. ಗಲ್ಲಾಪೆಟ್ಟಿಗೆಯ ಮೇಲೆ ಕೃಷ್ಣನ ಪಟ, ಪಟಕ್ಕೆ ದಿನಾ ಒಂದು ಮೊಳ ಮೈಸೂರು ಮಲ್ಲಿಗೆ. ಅಪ್ಪನ ತಲೆ ಬಾಗಿಲಲ್ಲಿ ಕಂಡದ್ದೇ ತಡ, "ಬನ್ನಿ ಮಾಸ್ಟ್ರೇ, ಹನ್ನೊಂದನ್ನು ನಿಮಗೇ ಇಟ್ಟಿದ್ದೇನೆ. ಹೋದ ವರ್ಷ ನೆಗಡಿ ಆಗಿತ್ತಲ್ಲ, ಈಗ ಹೇಗಿದ್ದೀರಿ?" ಎನ್ನುತ್ತಿದ್ದರು. ಒಂದು ವರ್ಷದ ಹಿಂದಿನ ನೆಗಡಿ! ನನ್ನ ಕಡೆ ತಿರುಗಿ, "ಎಂತ ಮಾಣಿ, ಎಷ್ಟನೇ ಕ್ಲಾಸು?" ಎಂದರು. ತಿಂಡಿ ತಂದುಕೊಡುವವರನ್ನೂ ಅಲ್ಲಿ ಮಾಣಿ ಎಂದೇ ಕರೆಯುತ್ತಿದ್ದುದರಿಂದ ಮೊದಲ ದಿನ ಕಕ್ಕಾಬಿಕ್ಕಿಯಾಗಿದ್ದೆ. ಅವರ ಕಡೆ ಅದು ಮನೆಯ ಮಗನನ್ನು ಕರೆಯುವ ಮಾತೆಂದು ಅಪ್ಪ ಆಮೇಲೆ ಬಿಡಿಸಿ ಹೇಳಿದರು.

ರಿಜಿಸ್ಟರು ಗಲ್ಲಾದ ಪಕ್ಕದ ಓರೆ ಮೇಜಿನ ಮೇಲೆ ಇರುತ್ತಿತ್ತು. ಉದ್ದನೆಯ ಲೆಡ್ಜರು, ಕೆಂಪು ಬಟ್ಟೆಯ ಬೆನ್ನು, ದಾರಕ್ಕೆ ಕಟ್ಟಿದ ಪೆನ್ನು. ಹೆಸರು, ಊರು, ಬಂದ ದಿನ, ಬಂದ ಕಾರಣ, ಸಹಿ. ಅಪ್ಪ ಸಾವಕಾಶವಾಗಿ, ಬೋರ್ಡಿನ ಮೇಲೆ ಬರೆಯುವಂಥ ದುಂಡಕ್ಷರದಲ್ಲಿ ಬರೆಯುತ್ತಿದ್ದರು. ನಾನು ಮೇಜಿಗೆ ಗಲ್ಲ ಆನಿಸಿ ನಿಂತು ಮೇಲಿನ ಸಾಲುಗಳನ್ನು ಓದುತ್ತಿದ್ದೆ. 'ಬಂದ ಕಾರಣ' ಎಂಬಲ್ಲಿ ಒಬ್ಬರು 'ಬಿ.ಎ. ಪರೀಕ್ಷೆ' ಎಂದು ಬರೆದಿದ್ದರು. ಇನ್ನೊಬ್ಬರು 'ಓಲೆಗರಿ ನೋಡಲು'. ಮತ್ತೊಬ್ಬರು 'ಮಗನನ್ನು ಹಾಸ್ಟೆಲಿಗೆ ಸೇರಿಸಲು'. 'ಪುಸ್ತಕ ಅಚ್ಚಿಗೆ'. 'ಸಂದರ್ಶನ'. 'ಯೂನಿವರ್ಸಿಟಿ'. 'ಯೂನಿವರ್ಸಿಟಿ'. 'ಯೂನಿವರ್ಸಿಟಿ'. ಅಷ್ಟೊಂದು ಜನ ಅಷ್ಟೊಂದು ಊರಿನಿಂದ ಓದಿಗಾಗಿಯೇ ಬರುವ ಒಂದು ಊರು ಇದೆ ಎಂಬುದು ನನಗೆ ತಿಳಿದದ್ದು ಆ ಪುಟದಿಂದ.

ಬೆಳಗಿನ ಜಾವ ನಾಲ್ಕೂವರೆಗೆ ಹಿತ್ತಿಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದರು. ಎರಡಾಳು ಅಪ್ಪಿಕೊಂಡರೂ ಸಾಲದಂಥ ತಾಮ್ರದ ಹಂಡೆ, ಹೊರಗೆಲ್ಲ ಮಸಿ, ಬಾಯಂಚು ಮಾತ್ರ ಹುಣಿಸೆಹಣ್ಣಿನಲ್ಲಿ ತಿಕ್ಕಿ ಬಂಗಾರದಂತೆ ಹೊಳೆಯುತ್ತಿತ್ತು. ಸೌದೆಯ ಹೊಗೆ ತೊಟ್ಟಿಯ ಮೂಲಕ ಮೇಲೇರಿ ರೂಮಿಗೆ ನುಗ್ಗುತ್ತಿತ್ತು. ಅದೇ ಅಲಾರಂ. ಪಂಚೆಯುಟ್ಟು ಹೆಗಲ ಮೇಲೆ ಟವೆಲು ಹಾಕಿಕೊಂಡ ಅಧ್ಯಾಪಕರು, ಕೈಯಲ್ಲೊಂದೊಂದು ಬಕೆಟ್ಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ತುಮಕೂರಿನ ಇತಿಹಾಸದವರು, ಹಾಸನದ ಅರ್ಥಶಾಸ್ತ್ರದವರು, ಶಿವಮೊಗ್ಗದ ಸಂಸ್ಕೃತದವರು. ಹಂಡೆಯ ಮುಂದೆ ಯಾರಿಗೂ ಹುದ್ದೆಯಿಲ್ಲ. ಹೊಸಬನೆಂದು ನನಗೆ ದಾರಿ ಬಿಟ್ಟು, "ಮೊದಲು ಹುಡುಗನಿಗೆ ಎರಡು ಚೊಂಬು ಹಾಕಪ್ಪಾ" ಎನ್ನುತ್ತಿದ್ದರು. ಈಗ ನಲ್ಲಿ ತಿರುಗಿಸಿದರೆ ಬಿಸಿನೀರು. ಯಾರನ್ನೂ ಕಾಯಬೇಕಾಗಿಲ್ಲ, ಪಕ್ಕದ ರೂಮಿನಲ್ಲಿ ಯಾರಿದ್ದಾರೆಂದು ತಿಳಿಯಬೇಕಾಗಿಯೂ ಇಲ್ಲ.

ಹಗಲೆಲ್ಲ ಅಪ್ಪನಿಗೆ ಕೆಲಸ. ನನ್ನ ಹೊಣೆ ಇಡೀ ಲಾಡ್ಜಿನದು. ಹತ್ತು ಗಂಟೆಗೆ ಒಂದು ಖಾಲಿ ದೋಸೆ, ಹನ್ನೆರಡಕ್ಕೆ ಬಾಳೆಲೆ ಊಟ. ಸಂಜೆ ಐದಕ್ಕೆ ಅಪ್ಪ ಬಂದು ಕೈಹಿಡಿದುಕೊಂಡು ಹೊರಡುತ್ತಿದ್ದರು. ದೊಡ್ಡ ಗಡಿಯಾರದ ಕನ್ನಡ ಅಂಕಿಗಳನ್ನು ಓದಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಗಡಿಯಾರವದು. ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದ ಅಂಗಡಿಗಳು. ಅಪ್ಪ ಒಳಗೆ ಹೊಕ್ಕರೆ ಒಂದು ಗಂಟೆ ಹೊರಗೆ ಬರುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಓರಿಯೆಂಟಲ್ ಲೈಬ್ರರಿಯ ಮುಂದೆ ನಿಲ್ಲಿಸಿ, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲೇ ಎಂದು ಹೇಳಿದರು. ಇನ್ನೊಂದು ಸಂಜೆ ಸಂತೇಪೇಟೆಯ ಗದ್ದಲದಲ್ಲಿ ನಿಂತು, "ಕುವೆಂಪು ಅವರು ಓದುವಾಗ ಇಲ್ಲಿ ಆನಂದಮಂದಿರ ಅಂತ ಒಂದು ಕಡೆ ಬಿಡಾರ ಮಾಡಿದ್ದರು ಕಣೋ. ಊಟ ಸರಿ ಇಲ್ಲ, ಮೈಯಲ್ಲಿ ಕಾಯಿಲೆ. ಆಮೇಲೆ ಸಿದ್ಧೇಶ್ವರಾನಂದ ಸ್ವಾಮಿಗಳು ಆಶ್ರಮಕ್ಕೆ ಕರೆದುಕೊಂಡು ಹೋದರು" ಎಂದರು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದವರೆಲ್ಲರ ಕಥೆಯಲ್ಲೂ ಇಂಥದೊಂದು ಬಿಡಾರ ಇದ್ದೇ ಇರುತ್ತದೆ. ಛತ್ರ, ವಾರಾನ್ನದ ಮನೆ, ಜಾತಿಯವರ ಹಾಸ್ಟೆಲು, ಸಾಲ ಬರೆಸಿ ಉಣ್ಣುವ ಮೆಸ್ಸು, ಕೊನೆಗೊಂದು ಲಾಡ್ಜಿನ ಮೂಲೆ ರೂಮು. 1916ರ ಜುಲೈ 27ರಂದು ನಾಲ್ವಡಿಯವರು ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಅದಕ್ಕೆ ಅನ್ನ ಹಾಕಿ ನೆರಳು ಕೊಟ್ಟು ಸಾಕಿದ್ದು ಈ ಓಣಿಗಳು.

ರಾತ್ರಿಯ ಊಟ ಮುಗಿದ ಮೇಲೆ ಜಗಲಿಯಲ್ಲಿ ಬೆತ್ತದ ಕುರ್ಚಿಗಳು ಸೇರುತ್ತಿದ್ದವು. ಆ ಹೊತ್ತು ಹೇಗಿತ್ತೆಂದು ಹೇಗೆ ಹೇಳಲಿ? ಪಂಪನ ಒಂದು ಪದ್ಯಕ್ಕೆ ಎರಡು ಅರ್ಥ ಹುಟ್ಟಿ ಎರಡು ಪಕ್ಷವಾಗುತ್ತಿತ್ತು. ಶಿವಮೊಗ್ಗದವರು ವ್ಯಾಕರಣ ತೆಗೆದರೆ ತುಮಕೂರಿನವರು ಶಾಸನ ತೆಗೆಯುತ್ತಿದ್ದರು. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗನೊಬ್ಬ ತಿಂಗಳುಗಟ್ಟಲೆ ಅಲ್ಲೇ ಇದ್ದ. ಅವನ ಬಾಡಿಗೆ ಎಷ್ಟೋ ಸಲ ಬಾಕಿ ಉಳಿಯುತ್ತಿತ್ತಂತೆ. ಅವನನ್ನು ಯಾರೂ ಎಬ್ಬಿಸಲಿಲ್ಲ. ಗಲ್ಲಾ ಮುಚ್ಚಿ ಬಂದ ಯಜಮಾನರು ಕೊನೆಯ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ ಕೇಳುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಘಟ್ಟ ಹತ್ತಿದವರು. ಒಂದು ರಾತ್ರಿ ಅವರೂ ಬಾಯಿ ತೆರೆದರು. ಕುಮಾರವ್ಯಾಸನ ಪದ್ಯವೊಂದಕ್ಕೆ ತಾವು ಊರಿನ ತಾಳಮದ್ದಳೆಯಲ್ಲಿ ಕೇಳಿದ ಅರ್ಥವನ್ನು ಹೇಳಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ, "ನಾಳೆ ನನ್ನ ಪುಸ್ತಕದ ಅಂಚಿನಲ್ಲಿ ಇದನ್ನು ಬರೆದುಕೊಳ್ಳುತ್ತೇನೆ" ಎಂದರು. ಬರೆದುಕೊಂಡರು ಕೂಡ. ಆ ಪುಸ್ತಕ ಈಗ ನನ್ನ ಹತ್ತಿರ ಇದೆ.

ದೊಡ್ಡ ಹೋಟೆಲುಗಳನ್ನು ನಾವು ಹೊರಗಿನಿಂದ ನೋಡುತ್ತಿದ್ದೆವು. ಮಹಾರಾಜರು ತಮ್ಮ ಯುರೋಪಿನ ಅತಿಥಿಗಳಿಗೆಂದು 1920ರಲ್ಲಿ ಕಟ್ಟಿಸಿದ ಮೆಟ್ರೊಪೋಲ್ ಸ್ಟೇಷನ್ನಿಗೆ ಹತ್ತಿರವೇ ಇತ್ತು. ಕಮಾನಿನ ಉದ್ದುದ್ದ ಜಗಲಿ, ಮರಗಳ ನೆರಳು. ಲಲಿತಮಹಲಿಗೆ ಅಡಿಗಲ್ಲು ಬಿದ್ದದ್ದು 1921ರಲ್ಲಿ, ವೈಸ್‌ರಾಯ್ ಬಂದರೆ ಉಳಿದುಕೊಳ್ಳಲೆಂದು. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟದ ಮಾದರಿಯಲ್ಲಿ ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಿಳಿ ಅರಮನೆ. ನಾನು ಮೈಸೂರಿಗೆ ಮೊದಲು ಬಂದ 1974ರಲ್ಲೇ ಅದು ಹೋಟೆಲಾಯಿತು. ಟಾಂಗಾದಲ್ಲಿ ಕೂರಿಸಿಕೊಂಡು ಹೋಗಿ ಗೇಟಿನಿಂದಲೇ ತೋರಿಸಿದ ಅಪ್ಪ, "ದೊಡ್ಡವನಾದ ಮೇಲೆ ಒಂದು ರಾತ್ರಿ ಇಲ್ಲಿ ಇರು" ಎಂದಿದ್ದರು.

ಎಷ್ಟೋ ವರ್ಷದ ಮೇಲೆ ಇದ್ದೆ, ಹೆಂಡತಿ ಮಕ್ಕಳೊಂದಿಗೆ. ಅಮೃತಶಿಲೆಯ ಮೆಟ್ಟಿಲು, ಗಾಜಿನ ತೂಗುದೀಪ, ಕಿರುಗುಟ್ಟುತ್ತಾ ಮೇಲೇರುವ ಹಳೆಯ ಲಿಫ್ಟು. ಕಿಟಕಿ ತೆರೆದರೆ ಚಾಮುಂಡಿ ಬೆಟ್ಟದ ಮೇಲಿನ ದೀಪಗಳು. ಸುಂದರವಾಗಿತ್ತು, ಸುಳ್ಳು ಹೇಳಲಾರೆ. ಆ ಕಟ್ಟಡ ಉಳಿದದ್ದು ನಮ್ಮ ಪುಣ್ಯ. ಮೆಟ್ರೊಪೋಲ್ ಕೂಡ ಕೆಲವು ವರ್ಷ ಬಾಗಿಲು ಹಾಕಿ, ರಿಪೇರಿಯಾಗಿ ಮತ್ತೆ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬೆಟ್ಟದ ಮೇಲಿನ ರಾಜೇಂದ್ರ ವಿಲಾಸಕ್ಕೆ ಆ ಭಾಗ್ಯ ಸಿಗಲಿಲ್ಲ. ಒಂದು ಕಾಲಕ್ಕೆ ಅದೂ ಹೋಟೆಲಾಗಿತ್ತು. ಆದರೆ ಲಲಿತಮಹಲಿನ ಆ ರಾತ್ರಿ ನಾನು ಮೈಸೂರಿನಲ್ಲಿದ್ದೆ ಎಂದು ಅನಿಸಲೇ ಇಲ್ಲ. ಯಾರದೋ ವೈಭವವನ್ನು ಒಂದು ರಾತ್ರಿಗೆ ಬಾಡಿಗೆಗೆ ಪಡೆದಂತಿತ್ತು. ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದವರ ಹೆಸರು ನನಗೆ ತಿಳಿಯಲಿಲ್ಲ, ನನ್ನದು ಅವರಿಗೂ.

ನನ್ನ ಸಂಕಟ ಇಲ್ಲಿದೆ. ಗುಮ್ಮಟವಿದ್ದರೆ ಪರಂಪರೆ. ರಾಜರು ಕಟ್ಟಿಸಿದರೆ ಪರಂಪರೆ. ವಿಶ್ವವಿದ್ಯಾನಿಲಯದ ಪಟ್ಟಿಯಲ್ಲೂ ಕ್ರಾಫರ್ಡ್ ಭವನ, ಮಹಾರಾಜ ಕಾಲೇಜು ಪರಂಪರೆ. ಆ ಕಾಲೇಜಿಗೆ ಬಂದವನು ಎಲ್ಲಿ ಮಲಗಿದ, ಏನು ಉಂಡ, ಯಾರ ಜೊತೆ ರಾತ್ರಿ ಹನ್ನೊಂದರವರೆಗೆ ವಾದ ಮಾಡಿದ ಎಂಬುದು ಯಾವ ಪಟ್ಟಿಗೂ ಸೇರಲಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಗಲಾದರೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಉಳಿಸಬೇಕೋ ಕೆಡವಬೇಕೋ ಎಂದು ಚರ್ಚೆಯಾಯಿತು. ನಮ್ಮ ಲಾಡ್ಜುಗಳು ಹೋದದ್ದು ಸುದ್ದಿಯೂ ಆಗಲಿಲ್ಲ.

ಯಾಕೆ ಹೋದವು? ಯಾರನ್ನೂ ದೂರುವಂತಿಲ್ಲ, ಅದೇ ದುಃಖ. 1964ರಲ್ಲಿ ಬೆಂಗಳೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು, 1980ರಲ್ಲಿ ಮಂಗಳೂರಿಗೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿ ನಮ್ಮ ಚಿಕ್ಕಮಗಳೂರೂ ಶಿವಮೊಗ್ಗವೂ ಅದಕ್ಕೆ ಸೇರಿದವು. ಅದು ಆಗಬೇಕಾದದ್ದೇ. ನನ್ನ ಅಕ್ಕ ಎಂ.ಎ. ಮಾಡಲು ಮೈಸೂರಿಗೆ ಹೋಗಲಾಗದೆ ಮನೆಯಲ್ಲೇ ಉಳಿದವಳು, ಅವಳ ಮಗಳು ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದಲ್ಲಿ ಓದಿ ಈಗ ಪಾಠ ಹೇಳುತ್ತಿದ್ದಾಳೆ. ಹತ್ತಿರ ವಿಶ್ವವಿದ್ಯಾನಿಲಯವಾದರೆ ಎಷ್ಟು ಹೆಣ್ಣುಮಕ್ಕಳ ಬಾಳು ಬದಲಾಗುತ್ತದೆಂದು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೆ ಅದರ ಜೊತೆಗೇ ನಮ್ಮಪ್ಪನಂಥವರು ಮೈಸೂರಿಗೆ ಬರುವುದು ನಿಂತಿತು. ಹನ್ನೊಂದನೇ ನಂಬರಿನ ರೂಮು ಮೇ ತಿಂಗಳಿನಲ್ಲಿ ಖಾಲಿ ಬಿತ್ತು.

ಆಮೇಲೂ ಕೆಲವು ವರ್ಷ ಲಾಡ್ಜುಗಳನ್ನು ಹಿಡಿದು ನಿಲ್ಲಿಸಿದ್ದು ಅಂಚೆ ತೆರಪಿನ ಶಿಕ್ಷಣದವರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ ಆ ವಿಭಾಗದ ಸಂಪರ್ಕ ತರಗತಿಗಳಿಗೆ ರಾಜ್ಯದ ಮೂಲೆಮೂಲೆಯಿಂದ ಪ್ರೈಮರಿ ಶಾಲೆಯ ಮೇಷ್ಟ್ರುಗಳು, ಗುಮಾಸ್ತರು, ಬಸ್ ಕಂಡಕ್ಟರುಗಳು ಬರುತ್ತಿದ್ದರು. ಒಂದು ರೂಮಿಗೆ ನಾಲ್ಕು ಜನ, ನೆಲದ ಮೇಲೆ ಹಾಸಿಗೆ, ಒಂದು ಬಲ್ಬಿನ ಕೆಳಗೆ ನಾಲ್ಕು ನೋಟ್ಸು. 1996ರಲ್ಲಿ ಅದೇ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕ್ರಮೇಣ ಓದುವ ಕೇಂದ್ರಗಳು ಊರೂರಿಗೆ ಬಂದವು, ಪಾಠಗಳು ಮೊಬೈಲಿಗೆ ಬಂದವು. ಜಗಲಿಯಲ್ಲಿ ಕೂರುವವರು ಇಲ್ಲವಾದರು. ಅತ್ತ ಊರು ಬೆಳೆಯಿತು. ಸಾಫ್ಟ್‌ವೇರ್ ಬಂತು, ಗೋಕುಲಂ ಕಡೆ ಯೋಗ ಕಲಿಯಲು ಹೊರದೇಶದವರು ಬಂದರು, ಬೆಂಗಳೂರಿನ ಕಾರುಗಳು ಶನಿವಾರ ಬಂದು ಭಾನುವಾರ ಹೋಗತೊಡಗಿದವು. ಒಂದು ರಾತ್ರಿಯ ಗಿರಾಕಿಗೆ ಜಗಲಿ ಯಾಕೆ?

ಆ ಹಳೆಯ ಗಾಳಿ ಸ್ವಲ್ಪವಾದರೂ ಬೀಸಿದ್ದು ಒಮ್ಮೆ ನಾನು ತಂಗಿದ್ದ ಗ್ರೀನ್ ಹೋಟೆಲಿನಲ್ಲಿ. ರಾಜಕುಮಾರಿಯರಿಗಾಗಿ ಕಟ್ಟಿಸಿದ ಚಿತ್ತರಂಜನ್ ಅರಮನೆಯದು. ಆಮೇಲೆ ಪ್ರೀಮಿಯರ್ ಸ್ಟುಡಿಯೋ ಆಗಿ, ಕೊನೆಗೆ ಲಾಭವೆಲ್ಲ ಸೇವೆಯ ಕೆಲಸಗಳಿಗೆ ಹೋಗುವ ಹೋಟೆಲಾಯಿತು. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ಬಂದವರು ತೋಟದ ಕುರ್ಚಿಗಳಲ್ಲಿ ಕೂತು ಪರಿಚಯವಿಲ್ಲದವರೊಂದಿಗೂ ಮಾತಿಗಿಳಿಯುತ್ತಿದ್ದರು. ನನ್ನ ಎದುರು ಕೂತ ಮುದುಕರು ಯಾವ ಪೀಠಿಕೆಯೂ ಇಲ್ಲದೆ, "ನೀವು ಯಾವ ವಿಭಾಗ?" ಎಂದು ಕೇಳಿದಾಗ ಗಂಟಲು ಕಟ್ಟಿತು. ಎಷ್ಟು ವರ್ಷವಾಗಿತ್ತು ಆ ಪ್ರಶ್ನೆ ಕೇಳಿ!

ವೈವಾ ಮುಗಿದ ಮಧ್ಯಾಹ್ನ ಧನ್ವಂತರಿ ರಸ್ತೆಗೆ ನಡೆದುಕೊಂಡು ಹೋದೆ. ಓಣಿ ಇದೆ. ಲಾಡ್ಜಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಮಳಿಗೆ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೋಚಿಂಗ್ ಸೆಂಟರು. ಪಕ್ಕದ ದಿನಸಿ ಅಂಗಡಿಯವರು ಹಳಬರು. "ಲಾಡ್ಜಿನ ಯಜಮಾನರ ಮಕ್ಕಳು ಮಾರಿ ಊರಿಗೆ ಹೋದರು ಸ್ವಾಮಿ. ಹಂಡೆ ಕೆಳಗಿಳಿಸೋಕೆ ಆರು ಜನ ಬೇಕಾಯ್ತು, ಗುಜರಿಯವರೇ ಬಂದು ತೂಕಕ್ಕೆ ಹಾಕಿಕೊಂಡು ಹೋದರು" ಎಂದರು. ರಿಜಿಸ್ಟರುಗಳು ಏನಾದವೆಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ. "ಓ, ಪುಸ್ತಕಾನಾ? ರದ್ದಿ ಜೊತೆ ಹೋಗಿರುತ್ತೆ" ಎಂದರು.

ಐವತ್ತು ವರ್ಷ ಮೈಸೂರಿಗೆ ಓದಲು, ಬರೆಯಲು, ತಿದ್ದಲು ಬಂದವರ ಹೆಸರು, ಊರು, ಕಾರಣ, ಅವರವರದೇ ಕೈಬರಹದಲ್ಲಿ, ನಮ್ಮಪ್ಪನ ದುಂಡಕ್ಷರವೂ ಸೇರಿ, ಯಾವುದೋ ಕಡಲೆಪುರಿಯ ಪೊಟ್ಟಣವಾಗಿ ಹೋಯಿತು. ವಿಶ್ವವಿದ್ಯಾನಿಲಯದ ಚರಿತ್ರೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಕಡತ ಎಲ್ಲಿ ಸಿಗುತ್ತದೆ?

ಗಾಂಧಿ ಚೌಕದ ಸುತ್ತಮುತ್ತ, ಸಂತೇಪೇಟೆಯ ಒಳಗೆ, ಧನ್ವಂತರಿ ರಸ್ತೆಯ ಅಕ್ಕಪಕ್ಕ ಹಳೆಯ ಲಾಡ್ಜುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಬಣ್ಣ ಮಾಸಿದೆ, ನಲ್ಲಿ ಸೋರುತ್ತದೆ, ಲಿಫ್ಟು ಇಲ್ಲ. ನಿಮ್ಮ ಮಗನದೋ ಮಗಳದೋ ಅಡ್ಮಿಷನ್ನಿಗೆಂದು, ಸೆಮಿನಾರಿಗೆಂದು ಮೈಸೂರಿಗೆ ಹೋದರೆ ಒಂದು ರಾತ್ರಿ ಅಲ್ಲಿ ಇಳಿದುಕೊಳ್ಳಿ. ಜಗಲಿ ಇದ್ದರೆ ಕುರ್ಚಿ ಹಾಕಿಸಿಕೊಂಡು ಕೂತು, ಪಕ್ಕದ ರೂಮಿನವರನ್ನು ಯಾವ ಊರೆಂದು ಕೇಳಿ. ರಿಜಿಸ್ಟರು ಕೈಗೆ ಕೊಟ್ಟರೆ ನಿಧಾನವಾಗಿ, ಸ್ಫುಟವಾಗಿ ಬರೆಯಿರಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಹಳೆಯ ರಿಜಿಸ್ಟರು ಧೂಳು ಹಿಡಿದು ಕೂತಿದ್ದರೆ, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.